ಅಮೂರ್ ನದಿಗೆ ಕೊಸಾಕರು ಹೋದದ್ದು ಕಾಳಿಗಾಗಿ: ಪೊಯಾರ್ಕೊವ್ ದಂಡಯಾತ್ರೆ, 1643–46

ನದಿಮೂಲ

ಕೆಲವು ತಿಂಗಳಿಂದ ಸೈಬೀರಿಯಾದ ಕೊಸಾಕರ, ಅಂದರೆ ರಷ್ಯಾದ ಪರವಾಗಿ ಗಡಿ ಸೀಮೆಗಳಿಗೆ ದಂಡೆತ್ತಿ ಹೋದ ಹೋರಾಟಗಾರರ, ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಯೆರ್ಮಾಕ್ ಹೆಸರು ಹಲವರಿಗೆ ಗೊತ್ತಿರುತ್ತದೆ. 1582ರಲ್ಲಿ ಸೈಬೀರಿಯಾದ ದೊರೆ ಕುಚುಮ್ ಖಾನನ ರಾಜಧಾನಿ ಹಿಡಿದವನು. ನನ್ನನ್ನು ಹಿಡಿದು ಕೂರಿಸಿದ್ದು ಅದಾಗಿ ಅರವತ್ತು ವರ್ಷದ ಮೇಲೆ ಯಾಕುಟ್ಸ್ಕ್‌ನಿಂದ ಹೊರಟ ಇನ್ನೊಂದು ದಂಡು. ಅದರ ನಾಯಕ ವಸೀಲಿ ಪೊಯಾರ್ಕೊವ್. ಈ ಕಥೆಯನ್ನು ಯಾರು ಹೇಳಿದರೂ ತುಪ್ಪಳದಿಂದ ಶುರು ಮಾಡುತ್ತಾರೆ. ಕಾಳಿನಿಂದ ಶುರು ಮಾಡಿದರೆ ಇಡೀ ಕಥೆಯೇ ಬೇರೆಯಾಗಿ ಕಾಣುತ್ತದೆ ಅನ್ನುವುದು ನನ್ನ ಅನಿಸಿಕೆ, ಅದಕ್ಕೇ ಈ ಚರ್ಚೆ.

ಲೇನಾ ನದಿಯ ದಡದಲ್ಲಿ 1632ರಲ್ಲಿ ಕಟ್ಟಿದ ಮರದ ಕೋಟೆ ಯಾಕುಟ್ಸ್ಕ್. ಸುತ್ತಲಿನ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ಅಲ್ಲಿನ ಯಾಕುತರು ದನ, ಕುದುರೆ ಸಾಕಿ ಬದುಕುವವರು, ಉಳುಮೆಯವರಲ್ಲ. ಕೋಟೆಯಲ್ಲಿದ್ದ ಕೊಸಾಕರಿಗೋ ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟಿಲ್ಲದೆ ದಿನ ಕಳೆಯದು. ಆ ಹಿಟ್ಟು ಪಶ್ಚಿಮದ ತೊಬೊಲ್ಸ್ಕ್ ಕಡೆಯಿಂದ ಬರಬೇಕು: ಓಬ್ ನದಿ, ಅಲ್ಲಿಂದ ಕೇತ್, ಹೆಗಲ ಮೇಲೆ ಹೊತ್ತು ದಾಟುವ ಕಾಡುದಾರಿ, ಯೆನಿಸೇಯ್, ಅಂಗಾರಾ, ಇಲಿಮ್, ಮತ್ತೆ ಹೊರುವ ದಾರಿ, ಕೊನೆಗೆ ಲೇನಾ. ಒಂದು ಬೇಸಿಗೆಯಲ್ಲಿ ಮುಗಿಯುವ ದಾರಿಯಲ್ಲ ಇದು. ನಡುವೆ ನದಿ ಹೆಪ್ಪುಗಟ್ಟಿದರೆ ಮೂಟೆಗಳು ಅಲ್ಲೇ ಕೂತುಬಿಡುತ್ತವೆ. ಸೇಬಲ್ ಎಂಬ ಸಣ್ಣ ಕಾಡುಪ್ರಾಣಿಯ ಬೆಲೆಬಾಳುವ ತುಪ್ಪಳ ಎಷ್ಟು ಬೇಕಾದರೂ ಸಿಗುತ್ತಿದ್ದ ಊರಲ್ಲಿ ರೊಟ್ಟಿಗೆ ತತ್ವಾರ.

ಇಂಥ ಊರಿಗೆ ಒಂದು ಸುದ್ದಿ ಬಂತು. ವಿತಿಮ್ ನದಿಯ ಮೇಲ್ಭಾಗಕ್ಕೆ ಹೋಗಿದ್ದ ಮಕ್ಸಿಮ್ ಪೆರ್ಫಿಲ್ಯೆವ್, ದಕ್ಷಿಣದಲ್ಲಿ ಬೆಟ್ಟದಾಚೆ ದೌರ್ ಎಂಬ ಜನ ಹೊಲ ಉತ್ತು ಕಾಳು ಬೆಳೆಯುತ್ತಾರೆ, ಅವರ ಹತ್ತಿರ ಬೆಳ್ಳಿಯೂ ಇದೆ ಎಂದು ಕೇಳಿಬಂದ. 1639ರಲ್ಲಿ ಪೂರ್ವ ತೀರದ ಒಖೋಟ್ಸ್ಕ್ ಸಮುದ್ರ ಮುಟ್ಟಿದ ಇವಾನ್ ಮೊಸ್ಕ್ವಿತಿನ್ ಕೂಡ ದಕ್ಷಿಣದ ದೊಡ್ಡ ನದಿಯೊಂದರ ಮಾತು ತಂದ. ಅದೇ ಅಮೂರ್, ಈಗ ರಷ್ಯಾ-ಚೀನಾ ಗಡಿಯಲ್ಲಿ ಹರಿಯುವ ನದಿ. ಯಾಕುಟ್ಸ್ಕ್‌ನ ಅಧಿಕಾರಿ ಪ್ಯೋತರ್ ಗೊಲೊವಿನ್ ತಡಮಾಡಲಿಲ್ಲ.

1643ರ ಜುಲೈ 15ರಂದು ಪೊಯಾರ್ಕೊವ್ 132 ಜನರ ಜೊತೆ ಹೊರಟ. 112 ಮಂದಿ ಸರ್ಕಾರಿ ಕೊಸಾಕರು, 15 ಮಂದಿ ಸ್ವಂತ ಇಚ್ಛೆಯಿಂದ ಬಂದ ಬೇಟೆಗಾರರು, ತುಪ್ಪಳದ ಲೆಕ್ಕ ಇಡಲು ಇಬ್ಬರು, ಇಬ್ಬರು ದುಭಾಷಿಗಳು, ಒಬ್ಬ ಕಮ್ಮಾರ. ಒಂದು ಸಣ್ಣ ಕಬ್ಬಿಣದ ಫಿರಂಗಿ, ಅದಕ್ಕೆ ನೂರು ಗುಂಡು. ಲೇನಾದಲ್ಲಿ ಕೆಳಕ್ಕೆ ಇಳಿಯುವುದು ಸಲೀಸು. ಆಮೇಲೆ ಅಲ್ದಾನ್, ಉಚುರ್, ಗೊನಾಮ್ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯಬೇಕು. ಗೊನಾಮ್ ಒಂದರಲ್ಲೇ 42 ದೊಡ್ಡ ಇಳಿಜಲಪಾತ, 22 ಸಣ್ಣವು. ಅಷ್ಟರಲ್ಲಿ ನೀರು ಹೆಪ್ಪುಗಟ್ಟಿತು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ದೋಣಿ ಮತ್ತು ಹಿಟ್ಟಿನ ಮೂಟೆಗಳ ಕಾವಲಿಗೆ ಅಲ್ಲೇ ಬಿಟ್ಟು, ಪೊಯಾರ್ಕೊವ್ ಸುಮಾರು 90 ಜನರ ಜೊತೆ ಜಾರುಬಂಡಿ ಎಳೆದುಕೊಂಡು ಸ್ತಾನೊವೊಯ್ ಬೆಟ್ಟಸಾಲು ದಾಟಿದ.

ಹಿಟ್ಟು ಬೆಟ್ಟದ ಈಚೆ, ಜನ ಬೆಟ್ಟದ ಆಚೆ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಬೆಟ್ಟ ಇಳಿದರೆ ಬ್ರ್ಯಾಂತಾ ನದಿ, ಅದರಿಂದ ಜೇಯಾ ನದಿ, ಅಲ್ಲಿ ದೌರರ ಸೀಮೆ. ಮರದ ಗಟ್ಟಿ ಮನೆಗಳು, ಕಿಟಕಿಗೆ ಎಣ್ಣೆ ಹಚ್ಚಿದ ಕಾಗದ, ಕಣಜ ತುಂಬ ಕಾಳು, ಹಟ್ಟಿಯಲ್ಲಿ ದನ. ಉಮ್ಲೆಕಾನ್ ಹೊಳೆ ಸೇರುವ ಜಾಗದಲ್ಲಿ ದೋಪ್ತಿಯುಲ್ ಎಂಬ ದೌರ್ ಮುಖಂಡ ಇವರನ್ನು ಅತಿಥಿಗಳ ಹಾಗೆ ಎದುರುಗೊಂಡ. ಪೊಯಾರ್ಕೊವ್ ಅವನನ್ನೇ ಒತ್ತೆಯಾಳು ಮಾಡಿ ಕೂರಿಸಿಕೊಂಡ.

ಮಲಪ್ರಭಾ ದಂಡಿ

ಛಲೋ ವಿಷಯ ತಗದೀರಿ. ನಾವು ಒಕ್ಕಲುತನದವರು, ಅದಕ್ಕ ಮೊದಲ ಪ್ರಶ್ನೆ ಅದೇ ಬರ್ತದ. ಅಷ್ಟು ಥಂಡಿ ಒಳಗ ಆ ದೌರ್ ಮಂದಿ ಏನು ಬೆಳೀತಿದ್ರು? ಬರೇ ಒಂದೆರಡು ಕಾಳೋ, ಖರೇನ ಒಕ್ಕಲುತನಾನೋ?

ನದಿಮೂಲ

ಖರೇನ ಒಕ್ಕಲುತನ. ಪೊಯಾರ್ಕೊವ್ ಮರಳಿ ಬಂದು ಬರೆಸಿದ ವರದಿಯಲ್ಲೇ ಪಟ್ಟಿ ಇದೆ: ಬಾರ್ಲಿ, ಓಟ್ಸ್, ಸಣ್ಣಕಾಳಿನ ಧಾನ್ಯ (ನಮ್ಮ ಬರಗಿನ ಜಾತಿಯದು), ಬಕ್‌ವೀಟ್, ಬಟಾಣಿ, ಸೆಣಬಿನ ಜಾತಿಯ ಗಿಡ. ಹಿತ್ತಲಲ್ಲಿ ಸೌತೆ, ಗಸಗಸೆ, ಬೆಳ್ಳುಳ್ಳಿ. ಸೇಬು, ಪೇರ್ ಹಣ್ಣು, ಅಕ್ರೋಟಿನ ಮಾತೂ ಬರುತ್ತದೆ. ಕುದುರೆ, ದನ, ಹಂದಿ, ಕೋಳಿ ಎಲ್ಲವನ್ನೂ ಸಾಕುತ್ತಿದ್ದರು.

ಬೆಳ್ಳಿ ಎಲ್ಲಿಂದ ಎಂದು ದೋಪ್ತಿಯುಲ್‌ನನ್ನು ವಿಚಾರಿಸಿದಾಗ, ಬೆಳ್ಳಿ, ರೇಷ್ಮೆ ನಮ್ಮ ನೆಲದ್ದಲ್ಲ, ಸೇಬಲ್ ತೊಗಲು ಕೊಟ್ಟು ದಕ್ಷಿಣದ ಖಾನನ ಕಡೆಯಿಂದ ತರಿಸಿಕೊಳ್ಳುತ್ತೇವೆ ಅಂದನಂತೆ. ಅಂದರೆ ಇವರು ಕಾಡಿನ ಮೂಲೆಯಲ್ಲಿ ಅಡಗಿ ಕೂತವರಲ್ಲ. ಮಾರುಕಟ್ಟೆ ಗೊತ್ತಿದ್ದ ರೈತರು.

ಜೇಯಾ ಸಂಗಮ

ಈ ಚರ್ಚೆ ನೋಡಿ ಸುಮ್ಮನಿರಲಾಗಲಿಲ್ಲ. ನಾನು ವೈದ್ಯಕೀಯ ಓದಿದ್ದು ಬ್ಲಾಗೊವೆಷ್ಚೆನ್ಸ್ಕ್‌ನಲ್ಲಿ. ಜೇಯಾ ನದಿ ಅಮೂರನ್ನು ಸೇರುವ ಜಾಗದಲ್ಲೇ ಆ ಊರಿದೆ. ಪೊಯಾರ್ಕೊವ್‌ನ ದೋಣಿಗಳು 1644ರಲ್ಲಿ ಅಮೂರಿಗೆ ಇಳಿದದ್ದು ಅಲ್ಲಿಂದಲೇ. ನದಿಯಾಚೆ ದಡದಲ್ಲಿ ಚೀನಾದ ಹೈಹೆ ಪಟ್ಟಣ; ರಾತ್ರಿ ಅದರ ದೀಪಗಳು ನಮ್ಮ ದಡದಿಂದ ಸ್ಪಷ್ಟವಾಗಿ ಕಾಣುತ್ತವೆ.

ಥಂಡಿಯ ಬಗ್ಗೆ ಕೇಳಿದಿರಲ್ಲ. ಜನವರಿಯಲ್ಲಿ ಮೈನಸ್ 25, 30 ಮಾಮೂಲು. ಹೊರಗೆ ಹೋದರೆ ಮೂಗಿನೊಳಗಿನ ಕೂದಲು ಸೂಜಿಯಂತಾಗುತ್ತದೆ. ಆದರೆ ಜುಲೈ ಬಂದರೆ ಬೇರೆಯೇ ಊರು. ಬಿಸಿಲು, ಬೆವರು, ಜೊತೆಗೆ ಮಳೆ. ಅಲ್ಲಿಗೂ ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಮುಂಗಾರಿನಂಥ ಗಾಳಿ ಬೀಸುತ್ತದೆ. ಊರ ಹೊರಗೆ ಬಸ್ಸಿನಲ್ಲಿ ಹೋದರೆ ಕಣ್ಣು ಹಾಯಿಸಿದಷ್ಟು ದೂರ ಸೋಯಾ. ಇಡೀ ರಷ್ಯಾದ ಸೋಯಾ ಬೆಳೆಯಲ್ಲಿ ಅಮೂರ್ ಪ್ರಾಂತ್ಯಕ್ಕೆ ಮುಂಚೂಣಿಯ ಸ್ಥಾನವಿದೆ. ಹೀಗಾಗಿ ದೌರರು ಅಲ್ಲಿ ಬೆಳೆದರು ಅನ್ನುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಯಾಕುಟ್ಸ್ಕ್‌ನಿಂದ ಬಂದವರಿಗೆ ಆ ಹೊಲಗಳು ಹೇಗೆ ಕಂಡಿರಬಹುದು ಅನ್ನುವುದನ್ನು ಮಾತ್ರ ಆಗಾಗ ಯೋಚಿಸುತ್ತೇನೆ.

ಆ ಚಳಿಗಾಲದಲ್ಲಿ ಏನಾಯಿತು, ದಯವಿಟ್ಟು ಪೂರ್ತಿ ಬರೆಯಿರಿ. ಅಲ್ಲಿದ್ದಾಗ ಅರೆಬರೆ ಕೇಳಿದ್ದೆ, ನಾನು ಯಾರನ್ನು ವಿಚಾರಿಸಿದೆನೋ ಅವರಿಗೆ ಹೇಳಲು ಇಷ್ಟವಿರಲಿಲ್ಲ.

ನದಿಮೂಲ

ಬರೆಯುತ್ತೇನೆ. ಓದಲು ಕಷ್ಟವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ತಂದಿದ್ದ ಹಿಟ್ಟು ತೀರುತ್ತಾ ಬಂತು. ಪೊಯಾರ್ಕೊವ್ ಯೂರಿ ಪೆತ್ರೊವ್ ಎಂಬವನ ಜೊತೆ 70 ಜನರನ್ನು ಮೋಲ್ದಿಕಿದಿಚ್ ಎಂಬ ದೌರ್ ಊರಿಗೆ ಕಳಿಸಿದ. ಅಲ್ಲಿನ ಮುಖಂಡರು ಊರ ಹೊರಗೇ ಬಂದು ಎದುರುಗೊಂಡರು. ಓಟ್ಸ್ ತುಂಬಿದ 40 ಬುಟ್ಟಿ, 10 ದನ ಕೊಟ್ಟರು. ಇರಲು ಮನೆಗಳನ್ನೂ ಬಿಟ್ಟುಕೊಟ್ಟರು. ಕೋಟೆಯೊಳಗೆ ಮಾತ್ರ ಬರಬೇಡಿ ಎಂದು ಕೇಳಿಕೊಂಡರು. ಪೆತ್ರೊವ್ ಅಷ್ಟಕ್ಕೆ ನಿಲ್ಲಲಿಲ್ಲ, ಕೋಟೆಗೇ ನುಗ್ಗಲು ಹೋದ. ಒಳಗಿಂದ ದೌರರು ಹೊರಬಿದ್ದರು, ಬಯಲಿನಿಂದ ಕುದುರೆ ಸವಾರರೂ ಬಂದು ಸೇರಿಕೊಂಡರು. ಕೊಸಾಕರು ಗಾಯಗೊಂಡು ಬರಿಗೈಲಿ ವಾಪಸು ಬಂದರು.

ಅಂದಿನಿಂದ ಯಾವ ದೌರನೂ ಕಾಳು ಕೊಡಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿದ್ದಿದ್ದರೆ ವಸಂತದವರೆಗೆ ಜೀವ ಹಿಡಿದುಕೊಳ್ಳಬಹುದಿತ್ತು ಅಂತ ನನಗೆ ಪ್ರತಿಸಲ ಓದಿದಾಗಲೂ ಅನಿಸುತ್ತದೆ.

ಸೋತು ಬಂದವರ ಮೇಲೆ ಪೊಯಾರ್ಕೊವ್ ಸಿಟ್ಟಾದ. ಉಳಿದಿದ್ದ ಹಿಟ್ಟನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡ. ಜನ ಪೈನ್ ಮರದ ತೊಗಟೆ, ಬೇರು ತಿಂದರು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು ಕೊನೆಗೆ ಸತ್ತವರ ಮಾಂಸ ತಿಂದರು, ಕೊಂದ ದೌರರದ್ದು, ಜೊತೆಗಾರರದ್ದು ಎರಡೂ. ಇದು ಯಾರೋ ಶತ್ರುಗಳು ಹಬ್ಬಿಸಿದ ಕಥೆಯಲ್ಲ. ಬದುಕಿ ಯಾಕುಟ್ಸ್ಕ್‌ಗೆ ಮರಳಿದ ಕೊಸಾಕರೇ ಕೊಟ್ಟ ದೂರಿನಲ್ಲಿ ಇದೆ.

ವಸಂತದಲ್ಲಿ ಗೊನಾಮ್ ಕಡೆ ಉಳಿದಿದ್ದವರು ಹಿಟ್ಟಿನ ಜೊತೆ ಬಂದು ಸೇರಿದರು. ಎಲ್ಲರೂ ಜೇಯಾದಲ್ಲಿ ಇಳಿದು ಅಮೂರಿಗೆ ಬಂದರು. ಅಷ್ಟರಲ್ಲಿ ಸುದ್ದಿ ಇವರಿಗಿಂತ ಮುಂಚೆ ನದಿಯಲ್ಲಿ ಇಳಿದುಹೋಗಿತ್ತು. ನರಭಕ್ಷಕರು ಬರುತ್ತಿದ್ದಾರೆ ಎಂದು ದಡದ ಜನ ಇವರನ್ನು ಇಳಿಯಗೊಡಲಿಲ್ಲ. ಮುಂದೆ ದಾರಿ ನೋಡಲು ಕಳಿಸಿದ ಇಪ್ಪತ್ತೈದರಷ್ಟು ಜನರ ತುಕಡಿಯನ್ನು ದುಚೆರ್ ಎಂಬ ಜನ ರಾತ್ರೋರಾತ್ರಿ ಮುಗಿಸಿಹಾಕಿದರು. ಅಮೂರ್ ಸಮುದ್ರ ಸೇರುವಲ್ಲಿ, ಮೀನುಗಾರರಾದ ನಿವ್ಖ್ ಜನರ ನಡುವೆ ಎರಡನೇ ಚಳಿಗಾಲ ಕಳೆದರು. ಅಲ್ಲೂ ಒತ್ತೆಯಾಳು ಹಿಡಿದು ತುಪ್ಪಳ ವಸೂಲಿ ಮಾಡಿದರು. 1645ರಲ್ಲಿ ಒಖೋಟ್ಸ್ಕ್ ಸಮುದ್ರದಲ್ಲಿ ದಡ ಹಿಡಿದು ಹನ್ನೆರಡು ವಾರ ಸಾಗಿ ಉಲ್ಯಾ ನದಿ ಮುಟ್ಟಿದರು. ಮೊಸ್ಕ್ವಿತಿನ್ ಕಟ್ಟಿದ್ದ ಚಳಿಗಾಲದ ನೆಲೆ ಇದ್ದ ಜಾಗವೇ ಅದು. ಮೂರನೇ ಚಳಿಗಾಲ ಅಲ್ಲಿ. 1646ರ ಜೂನ್‌ನಲ್ಲಿ ಯಾಕುಟ್ಸ್ಕ್. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರಳಲಿಲ್ಲ.

ತಂದದ್ದು 480 ಸೇಬಲ್ ತೊಗಲು. ಆಗ ನಲವತ್ತರ ಕಟ್ಟಿನಲ್ಲಿ ಎಣಿಸುತ್ತಿದ್ದರು, ಹನ್ನೆರಡು ಕಟ್ಟು. ಜೊತೆಗೆ ಒಂದು ಸಲಹೆ: 300 ಜನ ಕೊಟ್ಟರೆ ಆ ನೆಲವನ್ನೆಲ್ಲ ಜಾರ್ ದೊರೆಯ ಕೈಕೆಳಗೆ ತರಬಹುದು, ಅಲ್ಲಿ ಕಾಳಿಗೆ ಬರವಿಲ್ಲ.

ಹಳೇಕಡತ

ಬರಹ ಚೆನ್ನಾಗಿದೆ, ಆದರೆ ಒಂದು ಆಕ್ಷೇಪ ಇದೆ. ಮೂರು ವರ್ಷ, ಸಾವಿರಾರು ಕಿಲೋಮೀಟರ್, ನಕ್ಷೆ ಇಲ್ಲದ ನದಿ, ಹೆಸರು ಗೊತ್ತಿಲ್ಲದ ಸಮುದ್ರ. ಅಮೂರ್ ನದಿಯಲ್ಲಿ ಸಮುದ್ರದವರೆಗೂ ಇಳಿದು ಬಂದ ಮೊದಲ ರಷ್ಯನ್ನರು ಇವರು. ಅವರು ಅಳೆದು, ಕೇಳಿ, ಬರೆಸಿದ ವಿವರಗಳಿಂದಲೇ ಇವತ್ತು ನಮಗೆ ದೌರರ ಸೌತೆ, ಬೆಳ್ಳುಳ್ಳಿ ಕೂಡ ಗೊತ್ತಾಗಿರುವುದು. ನಾಲ್ಕು ಶತಮಾನದ ಹಿಂದಿನವರನ್ನು ಇವತ್ತಿನ ತಕ್ಕಡಿಯಲ್ಲಿ ತೂಗುವುದು ಎಷ್ಟು ಸರಿ? ಹಸಿವು ಮನುಷ್ಯನನ್ನು ಏನು ಬೇಕಾದರೂ ಮಾಡಿಸುತ್ತದೆ. ಆ ಕಾಲದಲ್ಲಿ ಒತ್ತೆಯಾಳು ಹಿಡಿಯುವುದು ಸ್ಟೆಪ್ಪಿ ಸೀಮೆಯಲ್ಲಿ ಎಲ್ಲರೂ ಮಾಡುತ್ತಿದ್ದ ರಾಜಕಾರಣ.

ನದಿಮೂಲ

ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಗೊನಾಮ್‌ನಲ್ಲಿ ಐದು ವಾರ ಸೊಂಟಮಟ್ಟದ ತಣ್ಣೀರಲ್ಲಿ ನಿಂತು ದೋಣಿ ಎಳೆದವರ ಬಗ್ಗೆ ನನಗೆ ಗೌರವವೇ ಇದೆ. ಅವರಲ್ಲಿ ಬಹಳಷ್ಟು ಜನ ವರ್ಷಕ್ಕೆ ಐದು ರೂಬಲ್ ಆಸುಪಾಸಿನ ಸಂಬಳಕ್ಕೆ ದುಡಿದವರು. ಅದೂ ವರ್ಷಗಟ್ಟಲೆ ಬಾಕಿ.

ತಕ್ಕಡಿಯ ಮಾತಿಗೆ ಬಂದರೆ, ಪೊಯಾರ್ಕೊವ್‌ನನ್ನು ತೂಗಿದ್ದು ಅವನದೇ ಕಾಲದ, ಅವನದೇ ಜನ. ಊರಿಗೆ ಬಂದ ಮೇಲೆ ಅವರು ಬರೆಸಿದ ದೂರಿನಲ್ಲಿ ಏನಿದೆ ನೋಡಿ. ಹಸಿದವರನ್ನು ಹೊಡೆದು ತಮ್ಮ ಚಳಿಗಾಲದ ಕೋಟೆಯಿಂದ ಹೊರಗಟ್ಟಿದ. ದುಡ್ಡಿದ್ದವರಿಗೆ ಹಿಟ್ಟು ಮಾರಿದ. ಜನ ಹಿಮದಡಿಯಿಂದ ಹೊಸ ಹುಲ್ಲಿನ ಬೇರು ಕೆದಕಿ ತಿನ್ನುವುದು ಕಂಡು ಆ ಹುಲ್ಲುಗಾವಲನ್ನೇ ಸುಡಿಸಿದ. ಕೊಸಾಕರ ಜೀವಕ್ಕೆ ಬೆಲೆ ಎಷ್ಟು ಎಂದು ಕಾಸಿನ ಲೆಕ್ಕದಲ್ಲಿ ಹೇಳಿದನಂತೆ: ಹತ್ತು ಜನರ ಮೇಲಿನ ನಾಯಕನಿಗೆ ಹತ್ತು ದುಡ್ಡು, ಸಾಮಾನ್ಯನಿಗೆ ಎರಡು ಕಾಸು. ದೂರು ಕೊಟ್ಟವರಿಗೆ ದ್ವೇಷವಿತ್ತು, ಕೆಲವು ಮಾತು ಉಬ್ಬಿಸಿರಬಹುದು ಅಂತ ಒಪ್ಪೋಣ. ಆದರೂ ಅವನನ್ನು ವಿಚಾರಣೆಗೆ ಮಾಸ್ಕೋಗೆ ಕಳಿಸಲಾಯಿತು. ಇವತ್ತಿನ ನ್ಯಾಯವನ್ನು ನಾನು ಅಲ್ಲಿಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ, ಅಲ್ಲಿಯ ನ್ಯಾಯವೇ ಸಾಕು.

ಪದಶೋಧ

ಒತ್ತೆಯಾಳಿನ ವಿಷಯಕ್ಕೆ ಒಂದು ಮಾತು ಸೇರಿಸಲೇಬೇಕು. ಈ ಒತ್ತೆಯಾಳುಗಳನ್ನು ಸೈಬೀರಿಯಾದ ರಷ್ಯನ್ ಕಡತಗಳು ಕರೆಯುವ ಹೆಸರು 'ಅಮಾನತ್'. ಕೇಳಿದ ತಕ್ಷಣ ಕನ್ನಡಿಗರಿಗೆ ಕಿವಿ ನಿಮಿರಬೇಕು. ನಮ್ಮ 'ಅಮಾನತು' ಅದೇ ಪದ. ಮೂಲ ಅರಬ್ಬಿ, ನಂಬಿಕೆಯ ಮೇಲೆ ಇಟ್ಟದ್ದು, ಠೇವಣಿ ಎಂಬ ಅರ್ಥ. ಪಾರಸಿಯ ಮೂಲಕ ನಮ್ಮ ಕಡೆ ಕಂದಾಯದ ಕಡತಕ್ಕೆ ಬಂತು. ತುರ್ಕಿ ಭಾಷೆಗಳ ಮೂಲಕ ರಷ್ಯನ್ನರ ಕಡತಕ್ಕೆ ಹೋಯಿತು. ನಮ್ಮಲ್ಲಿ ನೌಕರನನ್ನು ಅಮಾನತಿನಲ್ಲಿ ಇಡುತ್ತಾರೆ, ಅಲ್ಲಿ ಊರ ಮುಖಂಡನ ಮಗನನ್ನು ಅಮಾನತ್ ಆಗಿ ಕೋಟೆಯೊಳಗೆ ಕೂಡಿಹಾಕುತ್ತಿದ್ದರು.

ಅಮಾನತ್ ಇಟ್ಟುಕೊಂಡು ವಸೂಲು ಮಾಡುವ ತುಪ್ಪಳದ ಕಪ್ಪಕ್ಕೆ 'ಯಸಾಕ್' ಎಂದು ಹೆಸರು. ಅದು ಹೋಗಿ ಸೇರುವುದು 'ಕಜ್ನಾ'ಕ್ಕೆ, ಅಂದರೆ ನಮ್ಮ ಖಜಾನೆಗೆ. ತುಂಬಿಡುವ ಪೆಟ್ಟಿಗೆ 'ಸುಂದೂಕ್', ನಮ್ಮ ಅಜ್ಜಿಯರ ಸಂದೂಕ. ಕೊಸಾಕ್ ಪದವೂ ತುರ್ಕಿ ಮೂಲದ್ದೇ. ಯಾರ ಹಂಗಿನಲ್ಲೂ ಇಲ್ಲದೆ ಅಲೆಯುವವನು ಎಂಬ ಅರ್ಥದ 'ಕಜಾಕ್'.

ಇನ್ನೊಂದು, ಮೂಲ ಬರಹದ ಕಾಳು ಎಂಬ ಮಾತಿಗೆ ಸಂಬಂಧಿಸಿದ್ದು. ರಷ್ಯನ್ ಕಡತದಲ್ಲಿ ಇರುವ ಪದ 'ಖ್ಲೇಬ್'. ರೊಟ್ಟಿಗೂ ಅದೇ ಪದ, ಹೊಲದಲ್ಲಿ ನಿಂತ ಪೈರಿಗೂ ಅದೇ, ಕಣಜದ ಕಾಳಿಗೂ ಅದೇ. ದೌರರನ್ನು ಅವರು ಬಣ್ಣಿಸುವುದೇ 'ಖ್ಲೇಬ್ ಇರುವ ಜನ' ಎಂದು.

ಕೋಟೆಕೊತ್ತಲ

ಯುದ್ಧದ ಕಡೆಯಿಂದ ನೋಡುವವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ನೂರಿನ್ನೂರು ಜನ ಹೋಗಿ ಇಷ್ಟೆಲ್ಲ ಹೇಗೆ ಮಾಡಿದರು? ಬಂದೂಕು ಇತ್ತು ಅನ್ನುವುದು ಅರ್ಧ ಉತ್ತರ. ದೌರರ ಬಿಲ್ಲು ಕೀಳೇನಲ್ಲ, ಮೋಲ್ದಿಕಿದಿಚ್‌ನಲ್ಲಿ ಅದು ಸಾಬೀತಾಯಿತು.

ಇನ್ನರ್ಧ ಉತ್ತರ ದಕ್ಷಿಣದಲ್ಲಿದೆ. ಕೊಸಾಕರು ಬರುವ ಮೂರ್ನಾಲ್ಕು ವರ್ಷ ಮುಂಚೆ, 1639–40ರಲ್ಲಿ, ಮುಂದೆ ಚೀನಾ ಗೆದ್ದ ಮಂಚು ಜನರ ದೊರೆ ಹಾಂಗ್ ತೈಜಿ ಈ ಸೀಮೆಯ ಮೇಲೆ ದಂಡು ಕಳಿಸಿದ್ದ. ಇಲ್ಲಿಯ ಜನರನ್ನು ಒಟ್ಟುಗೂಡಿಸಿ ನಿಂತಿದ್ದ ಬೊಂಬೊಗೋರ್ ಎಂಬ ನಾಯಕನನ್ನು ಸೋಲಿಸಿ, ಆ ದಂಡು ಸಾವಿರಾರು ಜನರನ್ನು ಸೆರೆ ಒಯ್ದಿತ್ತು. ಪೊಯಾರ್ಕೊವ್ ಕಂಡದ್ದು ನಾಯಕತ್ವ ಮುರಿದುಹೋಗಿದ್ದ, ಊರೂರಿಗೆ ಒಡೆದುಹೋಗಿದ್ದ ಸೀಮೆ.

ಮತ್ತೆ ಇಸವಿ ನೋಡಿ. ಪೊಯಾರ್ಕೊವ್ ಜೇಯಾದಿಂದ ಅಮೂರಿಗೆ ಇಳಿದದ್ದು 1644ರಲ್ಲಿ. ಅದೇ ವರ್ಷ ಮಂಚು ಸೈನ್ಯ ಬೀಜಿಂಗ್ ಹೊಕ್ಕಿತು. ದೌರರಿಂದ ಕಪ್ಪ ತೆಗೆದುಕೊಳ್ಳುತ್ತಿದ್ದ ಒಡೆಯರು ಆಗಷ್ಟೇ ಇಡೀ ಚೀನಾವನ್ನು ನುಂಗುವ ಕೆಲಸದಲ್ಲಿದ್ದರು. ಉತ್ತರದ ಹಿತ್ತಲಲ್ಲಿ ಯಾರು ಬಂದರು ಎಂದು ತಿರುಗಿ ನೋಡುವಷ್ಟು ಪುರುಸೊತ್ತು ಅವರಿಗೆ ಸಿಕ್ಕಿದ್ದು ಹಲವು ವರ್ಷ ಕಳೆದ ಮೇಲೆ. ಕೊಸಾಕರಿಗೆ ತಮಗೇ ಗೊತ್ತಿಲ್ಲದ ಅದೃಷ್ಟ ಇದು.

ಮಲಪ್ರಭಾ ದಂಡಿ

ಅಲ್ರೀ, ಒಂದು ಮಾತು ತಲ್ಯಾಗ ಕೊರೀತದ. ಇವರು ಬಂದಿದ್ದೇ ಕಾಳಿಗೆ. ಕಾಳು ಬೆಳಿಯಾಂವಗೇ ಹೊಡದ್ರ ಮುಂದಿನ ವರ್ಷ ಬಿತ್ತಾಂವ ಯಾರು? ಇಷ್ಟು ಸಾದಾ ಲೆಕ್ಕ ಅವರಿಗೆ ಹೊಳೀಲಿಲ್ಲೇನು?

ನದಿಮೂಲ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಪೊಯಾರ್ಕೊವ್‌ನ ನಂತರ ಹೋದವನಿಗಾದರೂ ಹೊಳೆಯಬೇಕಿತ್ತು, ಯಾಕೆಂದರೆ ಅವನೇ ರೈತ. ಯೆರೊಫೇಯ್ ಖಬಾರೊವ್ ಎಂದು ಹೆಸರು, ವೆಲಿಕಿ ಉಸ್ತ್ಯುಗ್ ಕಡೆಯವನು. ಲೇನಾ ದಂಡೆಯಲ್ಲಿ ಹೊಲ ಉತ್ತು ಕಾಳು ಬೆಳೆದವನು, ಉಪ್ಪಿನ ಭಟ್ಟಿ ನಡೆಸಿದವನು. ಪೊಯಾರ್ಕೊವ್‌ನನ್ನು ಕಳಿಸಿದ ಅದೇ ಗೊಲೊವಿನ್ ಈ ಖಬಾರೊವ್‌ನ ಕಾಳನ್ನೂ ಉಪ್ಪಿನ ಭಟ್ಟಿಯನ್ನೂ ಕಿತ್ತುಕೊಂಡು ಜೈಲಿಗೆ ಹಾಕಿಸಿದ್ದ. ಕಾಳು ಕಳೆದುಕೊಳ್ಳುವುದು ಎಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಖಬಾರೊವ್ 1649ರಲ್ಲಿ ಸುಮಾರು 70 ಜನರನ್ನು ಕಟ್ಟಿಕೊಂಡು ಒಲ್ಯೋಕ್ಮಾ, ತುಂಗೀರ್ ನದಿಗಳ ಹತ್ತಿರದ ದಾರಿಯಿಂದ ಹೊರಟ. 1650ರಲ್ಲಿ ಅಮೂರ್ ಮುಟ್ಟಿದಾಗ ಮೊದಲ ಊರು ಖಾಲಿ. ಎರಡನೇ ಊರೂ ಖಾಲಿ. ಲವ್ಕಾಯ್ ಎಂಬ ದೌರ್ ಮುಖಂಡನ ಊರುಗಳು ಅವು. ಪೊಯಾರ್ಕೊವ್‌ನ ಚಳಿಗಾಲ ಯಾರಿಗೂ ಮರೆತಿರಲಿಲ್ಲ. ಜನ ಓಡಿಹೋಗಿದ್ದರು, ಕಾಳು ಮಾತ್ರ ನೆಲದಡಿಯ ಹಗೇವುಗಳಲ್ಲಿ ಉಳಿದಿತ್ತು. ಖಬಾರೊವ್ ಯಾಕುಟ್ಸ್ಕ್‌ಗೆ ಓಡಿಬಂದು, ಅಮೂರಿನ ಕಾಳಿನಿಂದ ಇಡೀ ಯಾಕುಟ್ಸ್ಕ್ ಸೀಮೆಯ ಹೊಟ್ಟೆ ತುಂಬಿಸಬಹುದು ಎಂದು ವರದಿ ಕೊಟ್ಟ. ಹೆಚ್ಚಿನ ಜನ, ಫಿರಂಗಿ ಪಡೆದು ಮತ್ತೆ ಹೋದ.

1651ರ ಜೂನ್. ಗುಯ್ಗುದಾರ್ ಎಂಬ ಮುಖಂಡನ ಒಂದಕ್ಕೊಂದು ಅಂಟಿಕೊಂಡ ಮೂರು ಕೋಟೆಗಳು. ಕೊಸಾಕರು ಸುಮಾರು 200. ರಾತ್ರಿಯಿಡೀ ಫಿರಂಗಿ ಹೊಡೆದು ಬೆಳಗಿನ ಜಾವ ನುಗ್ಗಿದರು. ಲೆಕ್ಕ ಬರೆದವನು ಖಬಾರೊವ್‌ನೇ: ಸತ್ತ ದೌರರು 661. ಸೆರೆಸಿಕ್ಕ ಹೆಂಗಸರು 243, ಮಕ್ಕಳು 118. ಕುದುರೆ 237, ದನ 113. ಕೊಸಾಕರ ಕಡೆ ಸತ್ತವರು ನಾಲ್ವರು. ಅಲ್ಲಿ ಕಪ್ಪ ವಸೂಲಿಗೆ ಬಂದಿದ್ದ ಐವತ್ತರಷ್ಟು ಮಂಚು ಜನ ಬಯಲಿನಲ್ಲಿ ದೂರ ನಿಂತು ನೋಡಿದರು, ಹೋರಾಡಲಿಲ್ಲ.

ಆ ಪಟ್ಟಿಯಲ್ಲಿ ಸೆರೆಸಿಕ್ಕ ಗಂಡಸರ ಸಂಖ್ಯೆ ಎಂಬ ಸಾಲೇ ಇಲ್ಲ. ಮೊದಲ ಸಲ ಓದಿದಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದುಹೋದೆ.

ಹೊಳೆಯಲಿಲ್ಲವೇ ಎಂದು ಕೇಳಿದಿರಿ. ಹೊಳೆದಿರಬೇಕು. ಆದರೆ ಖಬಾರೊವ್ ಸಾಲದ ದುಡ್ಡಲ್ಲಿ ಹೋಗಿದ್ದ. ಹೊಸ ಅಧಿಕಾರಿ ಫ್ರಾಂಜ್‌ಬೆಕೊವ್ ಸರ್ಕಾರಿ ಮದ್ದುಗುಂಡು, ಬಂದೂಕುಗಳನ್ನೇ ಸಾಲವಾಗಿ ಕೊಟ್ಟಿದ್ದ, ಬಡ್ಡಿ ಬೇರೆ. ಜೊತೆಗೆ ಬಂದವರಿಗೂ ಸಾಲ. ಮುಂದಿನ ವರ್ಷದ ಬಿತ್ತನೆಯವರೆಗೆ ಕಾಯುವಂಥ ಲೆಕ್ಕ ಅವರದ್ದಾಗಿರಲಿಲ್ಲ.

ಹಳೇಕಡತ

ಗುಯ್ಗುದಾರ್ ಲೆಕ್ಕ ನನಗೂ ಗೊತ್ತಿತ್ತು, ಆದರೆ ಹೀಗೆ ಸಾಲುಸಾಲಾಗಿ ನೋಡಿರಲಿಲ್ಲ. ನನ್ನ ಆಕ್ಷೇಪದ ಒಂದು ಭಾಗ ಹಿಂದೆ ತೆಗೆದುಕೊಳ್ಳುತ್ತೇನೆ. ಇನ್ನೊಂದು ಭಾಗ ಉಳಿಸಿಕೊಳ್ಳುತ್ತೇನೆ: ಇದನ್ನು ಮಾಡಿದ್ದು ಕೊಸಾಕರ ರಕ್ತದ ಗುಣವಲ್ಲ, ಸಾಲ ಕೊಟ್ಟು ಕಳಿಸಿ, ತುಪ್ಪಳ ಎಷ್ಟು ತಂದೆ ಎಂದು ಮಾತ್ರ ಕೇಳುವ ವ್ಯವಸ್ಥೆ. ಖಬಾರೊವ್‌ಗೂ ಕೊನೆಗೆ ಏನು ಸಿಕ್ಕಿತು? 1653ರಲ್ಲಿ ಮಾಸ್ಕೋದಿಂದ ಬಂದ ಜಿನೊವ್ಯೆವ್ ಎಂಬ ಅಧಿಕಾರಿ ಎಲ್ಲರೆದುರು ಅವನ ಗಡ್ಡ ಹಿಡಿದೆಳೆದು, ಆಸ್ತಿ ಕಿತ್ತುಕೊಂಡು ಮಾಸ್ಕೋಗೆ ಒಯ್ದ. ಆಮೇಲೆ ಪದವಿಯೇನೋ ಸಿಕ್ಕಿತು, ಸಾಲ ತೀರಲಿಲ್ಲ.

ಇವತ್ತು ಖಬಾರೊವ್‌ಸ್ಕ್ ಎಂಬ ದೊಡ್ಡ ನಗರ ಅವನ ಹೆಸರಲ್ಲಿದೆ. ಸೈಬೀರಿಯಾ ರೈಲುಮಾರ್ಗದಲ್ಲಿ ಯೆರೊಫೇಯ್ ಪಾವ್ಲೊವಿಚ್ ಎಂಬ ನಿಲ್ದಾಣವಿದೆ. ಅವನ ಹೆಸರು, ಅವನ ತಂದೆಯ ಹೆಸರು.

ಜೇಯಾ ಸಂಗಮ

ಆ ನಿಲ್ದಾಣ ದಾಟಿ ಹೋಗಿದ್ದೇನೆ. ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಬಿಸಿ ಪಿರೊಜ್ಕಿ ಕೊಳ್ಳುತ್ತಾರೆ. ಹೆಸರು ಯಾರದೆಂದು ನನಗಾಗ ಗೊತ್ತಿರಲಿಲ್ಲ.

ದೌರರ ಊರುಗಳ ಹೆಸರಲ್ಲಿ ನಿಲ್ದಾಣ ಕಂಡ ನೆನಪಿಲ್ಲ. ಜೇಯಾದ ಮೇಲ್ಭಾಗದಲ್ಲಿ, ಪೊಯಾರ್ಕೊವ್ ಬೆಟ್ಟ ಇಳಿದು ಬಂದ ಕಡೆ, ಈಗ ದೊಡ್ಡ ಅಣೆಕಟ್ಟಿನ ಹಿನ್ನೀರು ನಿಂತಿದೆ. ದೌರರು ಆಮೇಲೆ ಎಲ್ಲಿ ಹೋದರು?

ಕೋಟೆಕೊತ್ತಲ

ಇದಕ್ಕೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಇಡೀ ಕಥೆಯಲ್ಲಿ ಅತಿ ದೊಡ್ಡ ಯುದ್ಧತಂತ್ರ ಇದೇ.

ಮಂಚುಗಳಿಗೆ ಪುರುಸೊತ್ತು ಸಿಕ್ಕ ಮೇಲೆ ಅವರು ಮೊದಲು ಸೈನ್ಯ ಕಳಿಸಿ ನೋಡಿದರು. 1652ರಲ್ಲಿ ಅಚಾನ್ಸ್ಕ್ ಎಂಬಲ್ಲಿ ಸೋತರು. ಆಮೇಲೆ ಅವರು ಹೊಲವನ್ನೇ ಖಾಲಿ ಮಾಡಿಸಿದರು. ಕೊಸಾಕರು ಬದುಕಿರುವುದು ದೌರರ ಕಾಳಿನಿಂದ, ದೌರರನ್ನೇ ಎತ್ತಿಬಿಟ್ಟರೆ? ಅಮೂರ್ ದಂಡೆಯ ದೌರರಿಗೆ ದಕ್ಷಿಣದ ನೆನ್ ನದಿಯ ಬಯಲಿಗೆ ಹೋಗಿರೆಂದು ಅಪ್ಪಣೆಯಾಯಿತು. ಸ್ವಲ್ಪ ಕಾಲದಲ್ಲೇ ದುಚೆರ್ ಜನರನ್ನೂ ಒಳನಾಡಿಗೆ ಸಾಗಿಸಿದರು. ತಲೆಮಾರುಗಳಿಂದ ಉತ್ತ ಹೊಲ ಒಂದೆರಡು ವರ್ಷದಲ್ಲಿ ಹುಲ್ಲುಗಾವಲಾಯಿತು. ನೆನಪಿಡಿ, ದೌರರಿಗೆ ಇದು ಬಿಡುಗಡೆಯಲ್ಲ. ಒಬ್ಬರು ಲೂಟಿ ಮಾಡಿದರು, ಇನ್ನೊಬ್ಬರು ಎಬ್ಬಿಸಿದರು.

ಖಬಾರೊವ್‌ನ ಜಾಗಕ್ಕೆ ಬಂದ ಒನುಫ್ರಿ ಸ್ಟೆಪಾನೊವ್‌ಗೆ ಉಳಿದದ್ದು ಸುಮಾರು 320 ಜನ, ಖಾಲಿ ನದಿ. ಅವನ ಪತ್ರಗಳಲ್ಲಿ ಒಂದೇ ಅಳಲು: ಅಮೂರಿನಲ್ಲಿ ಕಾಳಿಲ್ಲ, ಹಸಿದಿದ್ದೇವೆ. ಕಾಳು ಹುಡುಕಿಕೊಂಡು ಬೇಸಿಗೆ ಬಂದರೆ ಸುಂಗಾರಿ ನದಿಯೊಳಕ್ಕೆ, ಅಂದರೆ ಮಂಚುಗಳ ಮನೆಯಂಗಳಕ್ಕೇ, ನುಗ್ಗಬೇಕಾಯಿತು. ಹಾಗೆ ಮಾಡುತ್ತಲೇ 1658ರ ಜೂನ್ 30ರಂದು ಸುಂಗಾರಿ ಅಮೂರನ್ನು ಸೇರುವ ಹತ್ತಿರ 47 ದೋಣಿಗಳ ಮಂಚು ಪಡೆಗೆ ಸಿಕ್ಕಿಬಿದ್ದ. ಅವನೂ ಅವನ ಜೊತೆಗಾರರು 270 ಮಂದಿಯೂ ಸತ್ತರು.

ಒಂದು ಸಲ ಮಂಚುಗಳೇ ಈ ಪಾಠ ಮರೆತರು. 1665ರ ನಂತರ ಅಲ್ಬಾಜಿನ್ ಎಂಬಲ್ಲಿ ರಷ್ಯನ್ನರು ತಾವೇ ಉಳಲು ಶುರು ಮಾಡಿದ್ದರು. 1685ರಲ್ಲಿ ಮಂಚು ಸೈನ್ಯ ಮುತ್ತಿ, ಕೋಟೆ ಸುಟ್ಟು ವಾಪಸಾಯಿತು, ಹೊಲದಲ್ಲಿ ನಿಂತ ಪೈರನ್ನು ಸುಡಲಿಲ್ಲ. ಶರಣಾಗಿ ಹೋಗಿದ್ದ ಕೋಟೆಯ ನಾಯಕ ತೊಲ್ಬುಜಿನ್ ಅದೇ ಬೇಸಿಗೆಯಲ್ಲಿ ಜನರ ಜೊತೆ ಮರಳಿ ಬಂದು ಆ ಪೈರು ಕೊಯ್ದು, ಕೋಟೆ ಮತ್ತೆ ಕಟ್ಟಿದ. ಮರುವರ್ಷ ಎರಡನೇ ಮುತ್ತಿಗೆ. 826 ಜನ ಒಳಗಿದ್ದರು. ತೊಲ್ಬುಜಿನ್ ಫಿರಂಗಿ ಗುಂಡಿಗೆ ಸತ್ತ. ಸ್ಕರ್ವಿ ರೋಗ ಹಬ್ಬಿತು. 1687ರ ವಸಂತಕ್ಕೆ ಬದುಕಿದ್ದವರು 66. 1689ರ ನೆರ್ಚಿನ್ಸ್ಕ್ ಒಪ್ಪಂದದಲ್ಲಿ ಅಲ್ಬಾಜಿನ್ ಕೆಡವಲು ರಷ್ಯಾ ಒಪ್ಪಿತು. ಅಮೂರ್ ಮತ್ತೆ ಅವರ ಕೈಗೆ ಬಂದದ್ದು 1858ರಲ್ಲಿ.

ನದಿಮೂಲ

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ದೌರರ ಇವತ್ತಿನ ಮಾತಷ್ಟೇ ಸೇರಿಸುತ್ತೇನೆ. ಇವರು ಈಗಲೂ ಇದ್ದಾರೆ, ಚೀನಾದಲ್ಲಿ, ಲಕ್ಷಕ್ಕೂ ಮೇಲೆ. ಅವರಲ್ಲಿ ಅನೇಕರು ನೆನ್ ನದಿಯ ದಂಡೆಯ ಮೋರಿನ್ ದವಾ ಎಂಬ ಸ್ವಾಯತ್ತ ಪ್ರದೇಶದಲ್ಲಿ, ಹದಿನೇಳನೇ ಶತಮಾನದಲ್ಲಿ ಎಬ್ಬಿಸಿ ಕಳಿಸಿದ ಅದೇ ಬಯಲಿನಲ್ಲಿ. ಕೆಲವರನ್ನು ಹದಿನೆಂಟನೇ ಶತಮಾನದಲ್ಲಿ ಗಡಿ ಕಾವಲಿಗೆಂದು ದೂರದ ಶಿನ್‌ಜಿಯಾಂಗ್‌ಗೆ ಕಳಿಸಿದರು, ಅವರ ವಂಶದವರು ಅಲ್ಲಿದ್ದಾರೆ.

ಕಾಫಿತೋಟ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಮೋರಿನ್ ದವಾ ಅಂದ ಕೂಡಲೇ ಬರೆಯಲೇಬೇಕು ಅನಿಸಿತು. ನಮ್ಮ ಮನೆಯಲ್ಲಿ ಮೂರು ತಲೆಮಾರು ಹಾಕಿ ಆಡಿದವರು, ಹಾಗಾಗಿ ಈ ಹೆಸರು ನನಗೆ ಹಾಕಿಯಿಂದಲೇ ಗೊತ್ತು. ದೌರರಿಗೆ ಬಾಗಿದ ಕೋಲಿನ, ಚೆಂಡಿನ ಹಳೆಯ ಆಟವೊಂದಿದೆ, ಬೆಯ್ಕೊ ಎಂದು ಹೆಸರು. ರಾತ್ರಿ ಬೆಂಕಿ ಹಚ್ಚಿದ ಚೆಂಡಿನಲ್ಲೂ ಆಡುತ್ತಾರೆ. ಚೀನಾ ಹಾಕಿ ತಂಡ ಕಟ್ಟಲು ಹೊರಟಾಗ ಆಟಗಾರರನ್ನು ಹುಡುಕಿಕೊಂಡು ಹೋದದ್ದು ಇದೇ ಊರಿಗೆ. ಅವರು ಇಂಥ ದಾರಿ ನಡೆದು ಅಲ್ಲಿಗೆ ಬಂದವರು ಎಂದು ಇವತ್ತು ಗೊತ್ತಾಯಿತು.

ಮಲಪ್ರಭಾ ದಂಡಿ

ನನ್ನ ಪ್ರಶ್ನೆಕ್ಕ ಉತ್ತರ ಸಿಕ್ತು. ಇನ್ನೊಂದು ಉಳದದ. ಆ 47 ದೋಣಿ ಮಂಚು ದಂಡು ಏನು ತಿಂತಿತ್ತು? ಅಮೂರ್ ಖಾಲಿ ಮಾಡಿದ್ರ ಅವರಿಗೂ ಅಲ್ಲಿ ಕಾಳು ಇರೂದಿಲ್ಲಲ್ಲ.

ಕೋಟೆಕೊತ್ತಲ

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಒಬ್ಬ ಕೊರಿಯನ್ ಸೇನಾನಿಯ ದಿನಚರಿಯಲ್ಲಿ ಸಿಗುತ್ತದೆ. 1654ರಲ್ಲೂ 1658ರಲ್ಲೂ ಮಂಚುಗಳು ತಮ್ಮ ಅಧೀನದಲ್ಲಿದ್ದ ಕೊರಿಯಾದಿಂದ ಬಂದೂಕುಗಾರರನ್ನು ತರಿಸಿಕೊಂಡಿದ್ದರು, ಮೊದಲ ಸಲ ನೂರು, ಎರಡನೇ ಸಲ ಇನ್ನೂರು. ಎರಡನೇ ತುಕಡಿಯ ನಾಯಕ ಶಿನ್ ರ್ಯು ದಿನವೂ ಬರೆದಿಟ್ಟ. ಸ್ಟೆಪಾನೊವ್‌ನ ದೋಣಿಗಳಿಗೆ ಬೆಂಕಿ ಹಚ್ಚಲು ಕೊರಿಯನ್ನರು ಸಿದ್ಧರಾಗಿದ್ದಾಗ ಮಂಚು ದಳಪತಿ ಸರ್ಹುದಾ ತಡೆದನಂತೆ, ಒಳಗಿನ ಮಾಲು ಸುಟ್ಟುಹೋಗುತ್ತದೆ ಎಂದು. ಆ ಹೊತ್ತಿನಲ್ಲಿ ದೋಣಿಯಲ್ಲಿ ಉಳಿದಿದ್ದ ಕೊಸಾಕರು ಮತ್ತೆ ಗುಂಡು ಹಾರಿಸಿ ಹಲವರನ್ನು ಕೊಂದರು.

ಯುದ್ಧ ಗೆದ್ದ ಮೇಲೂ ಶಿನ್ ರ್ಯುಗೆ ಊರಿಗೆ ಹೋಗಲು ಬಿಡಲಿಲ್ಲ. ಇನ್ನಷ್ಟು ದಿನ ಇರಬೇಕು, ತಿನ್ನುವ ಅಕ್ಕಿಯನ್ನು ಕೊರಿಯಾದಿಂದಲೇ ತರಿಸಿಕೊಳ್ಳಿ ಅಂದರು. ಆ ಬೇಸಿಗೆಯ ದಿನಚರಿಯಲ್ಲಿ ಗೆದ್ದ ಸಂಭ್ರಮಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೂರು ಜನರಿಗೆ ಅಕ್ಕಿ ಎಲ್ಲಿಂದ ಹೊಂದಿಸಲಿ, ಯಾವ ದಾರಿಯಲ್ಲಿ ಹೊರಿಸಿ ತರಿಸಲಿ ಎಂಬ ಚಿಂತೆ.